ಕಲ್ಲಿದ್ದಲ ಕೊಠಡಿಯಿಂದ ವಸ್ತುಸಂಗ್ರಹಾಲಯಕ್ಕೆ

ಈಚೆಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಐವತ್ತರ ಅಂಚಿನವಳು, ಭಾವಚಿತ್ರ ತೆಗೆಯುವುದು ಅವಳ ಹವ್ಯಾಸ. "ಮೇಷ್ಟ್ರೇ, ಈ ವಯಸ್ಸಿನಲ್ಲಿ ಇದನ್ನೇ ವೃತ್ತಿ ಮಾಡಿಕೊಳ್ಳಬಹುದೇ? ಬಲ್ಲವರ ಬಳಿ ಹಣ ಕೇಳಲು ಸಂಕೋಚ" ಎಂದಳು. ಇತಿಹಾಸದ ಮೇಷ್ಟ್ರಿಗೆ ಉತ್ತರ ಹೊಳೆಯುವುದು ಇತಿಹಾಸದಲ್ಲಿಯೇ. ಅಂದು ಅವಳಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ.

ಜೂಲಿಯಾ ಮಾರ್ಗರೆಟ್ ಕ್ಯಾಮರನ್ 1815ರಲ್ಲಿ ಕಲ್ಕತ್ತೆಯಲ್ಲಿ ಜನಿಸಿದವರು. ಪತಿ ಚಾರ್ಲ್ಸ್ ಕ್ಯಾಮರನ್ ಭಾರತದ ಕಾನೂನು ಆಯೋಗದಲ್ಲಿ ಮೆಕಾಲೆಯ ಸಹೋದ್ಯೋಗಿ. 1863ರ ಡಿಸೆಂಬರಿನಲ್ಲಿ, ದಂಪತಿಗಳು ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ನೆಲೆಸಿದ್ದಾಗ, ಮಗಳು ಮತ್ತು ಅಳಿಯ ಆಕೆಗೊಂದು ಕ್ಯಾಮರಾ ಉಡುಗೊರೆಯಿತ್ತರು. ಆಗ ಆಕೆಗೆ 48 ವರ್ಷ. ಕಲ್ಲಿದ್ದಲ ಕೊಠಡಿ ಕತ್ತಲೆಕೋಣೆಯಾಯಿತು. ಗಾಜಿನ ಮಾಡಿನ ಕೋಳಿಮನೆ ಸ್ಟುಡಿಯೋ ಆಯಿತು. ಗಾಜಿನ ಫಲಕಕ್ಕೆ ಕೊಲೋಡಿಯನ್ ಬಳಿದು, ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಅದು ಆರುವ ಮುನ್ನವೇ ಚಿತ್ರ ತೆಗೆದು ತೊಳೆಯಬೇಕಿತ್ತು. ಕೈಗಳೆಲ್ಲ ಕಪ್ಪು. ಎದುರು ಕುಳಿತವರು ನಿಮಿಷಗಟ್ಟಲೆ ಅಲುಗಾಡುವಂತಿರಲಿಲ್ಲ.

ಗಮನಿಸಬೇಕಾದುದು ಮುಂದಿನ ನಡೆ. 1864ರಲ್ಲಿಯೇ ಆಕೆ ಚಿತ್ರಗಳ ಕೃತಿಸ್ವಾಮ್ಯವನ್ನು ನೋಂದಾಯಿಸತೊಡಗಿದರು. ಲಂಡನ್ನಿನ ಕಲಾವ್ಯಾಪಾರಿ ಕೋಲ್ನಾಗಿಯ ಮೂಲಕ ಮಾರಾಟಕ್ಕಿಟ್ಟರು. ಚಿತ್ರಗಳು ಮಸುಕೆಂದು ಛಾಯಾಗ್ರಾಹಕರ ಪತ್ರಿಕೆಗಳು ಹಳಿದವು. ಆಕೆ ತಮ್ಮ ದಾರಿ ಬಿಡಲಿಲ್ಲ. ಇಂದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯ, ಅಂದಿನ ಸೌತ್ ಕೆನ್ಸಿಂಗ್ಟನ್, 1865ರಲ್ಲಿ ಆಕೆಯ ಚಿತ್ರಗಳನ್ನು ಕೊಂಡಿತು. 1868ರಲ್ಲಿ ಸ್ಟುಡಿಯೋ ಮಾಡಿಕೊಳ್ಳಲು ಎರಡು ಕೊಠಡಿಗಳನ್ನೂ ನೀಡಿತು. ಅದೇ ವರ್ಷ ಡಾರ್ವಿನ್ ಆಕೆಯೆದುರು ಕುಳಿತು, ತನ್ನ ಬೇರೆಲ್ಲ ಚಿತ್ರಗಳಿಗಿಂತ ಇದೇ ಮೆಚ್ಚುಗೆಯಾಯಿತೆಂದು ಬರೆದುಕೊಟ್ಟ.

ಆದರೆ ಸತ್ಯವನ್ನು ಮುಚ್ಚಿಡಬಾರದು. 'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆ ಆಕೆಯ ಪಾಲಿಗೆ ಪೂರ್ತಿ ನಿಜವಾಗಲಿಲ್ಲ. ಸಿಂಹಳದ ಕಾಫಿ ತೋಟಗಳು ಕೈಕೊಟ್ಟಿದ್ದವು. ಚಿತ್ರಗಳ ಮಾರಾಟ ಆ ಕೊರತೆಯನ್ನು ತುಂಬಲಿಲ್ಲ. 1875ರಲ್ಲಿ ದಂಪತಿಗಳು ಸಿಂಹಳಕ್ಕೆ ತೆರಳಿದರು. 1879ರಲ್ಲಿ ಆಕೆ ಅಲ್ಲಿಯೇ ತೀರಿಕೊಂಡರು.

"ಹಾಗಾದರೆ ಬೇಡವೆನ್ನುತ್ತೀರಾ?" ಎಂದಳು ಶಿಷ್ಯೆ. "ಬೇಡವೆನ್ನಲಾರೆ. ಸಂಸಾರದ ಭಾರವನ್ನೆಲ್ಲ ಅದರ ಮೇಲೆಯೇ ಹೊರಿಸಬೇಡ. ಆದರೆ ಬೆಲೆ ಕೇಳಲು ನಾಚಬೇಡ, ಬೆಲೆ ಕಟ್ಟಿದ್ದರಿಂದ ಆಕೆಯ ಕಲೆ ಕುಂದಲಿಲ್ಲ" ಎಂದೆ.

ಹೊರಡುವ ಮುನ್ನ ಕಿಟಕಿಯ ಬೆಳಕಿನಲ್ಲಿ ನನ್ನನ್ನು ಕೂರಿಸಿ ಒಂದು ಚಿತ್ರ ತೆಗೆದಳು. ಎಷ್ಟಾಯಿತೆಂದು ಕೇಳಿದೆ. ತುಸು ತಡವರಿಸಿ ಹೇಳಿದಳು. ಕೊಟ್ಟೆ, ತೆಗೆದುಕೊಂಡಳು.