ಬಿಗಿತಕ್ಕೊಂದು ಅಳತೆ

ನ್ಯೂಯಾರ್ಕ್ ನಗರದ ನೆಲದಡಿಯ ಕೊಳವೆಗಳಿಗೆ ಬೋಲ್ಟ್ ಬಿಗಿಯುವಾಗ ಒಂದು ಕಾಲಕ್ಕೆ ಕೆಲಸಗಾರನ ಕೈಬಲವೇ ಅಳತೆ. ಅತಿಯಾದರೆ ಬೋಲ್ಟ್ ತುಂಡು, ಕಡಿಮೆಯಾದರೆ ಸೋರಿಕೆ. ಅಲ್ಲಿನ ಜಲ ಇಲಾಖೆಯ ಕಾನ್ರಾಡ್ ಬಾರ್ 1918ರಲ್ಲಿ ಇದಕ್ಕಾಗಿ ಬಿಗಿತ ಅಳೆಯುವ ಟಾರ್ಕ್ ರೆಂಚ್ ರೂಪಿಸಿದರು.

ಮುಂದೆ ಕಾರಿನ ಇಂಜಿನ್‌ಗೂ ಈ ರೆಂಚ್ ಬೇಕಾಯಿತು.

ಇದರ ಒಂದು ಬಗೆಯಾದ ಬೀಮ್ ರೆಂಚ್‌ನಲ್ಲಿ ಉಕ್ಕಿನ ಸರಳು ಬಾಗಿದಷ್ಟೂ ಮುಳ್ಳು ಹೆಚ್ಚಿನ ಅಂಕಿ ತೋರಿಸುತ್ತದೆ. ಸವೆಯುವ ಭಾಗಗಳು ಕಡಿಮೆ. ಬಾರ್ ಮತ್ತು ಜಾರ್ಜ್ ಫೆಫರ್ಲೆ 1935ರಲ್ಲಿ ಪೇಟೆಂಟ್ ಪಡೆದ ರೆಂಚ್, ಬೇಕಾದ ಬಿಗಿತ ಮುಟ್ಟಿದೊಡನೆ ಸದ್ದು ಮಾಡಿ ತಿಳಿಸುತ್ತಿತ್ತು.

ಮುಳ್ಳು ಕಣ್ಣಿಗೆ ಬೀಳದ ಇಕ್ಕಟ್ಟಿನಲ್ಲಿ ಮೆಕ್ಯಾನಿಕ್‌ಗೆ ಇಂದಿಗೂ ಹೀಗೆ ಸದ್ದಿನಿಂದ ತಿಳಿಸುವ ಕ್ಲಿಕ್ ರೆಂಚೇ ಅನುಕೂಲ. ಇಂಜಿನ್‌ನ ಸಿಲಿಂಡರ್ ಹೆಡ್ಡಿನ ಬೋಲ್ಟ್‌ಗಳನ್ನು ಸಾಮಾನ್ಯವಾಗಿ ನಡುವಿನಿಂದ ಅಂಚಿನತ್ತ, ಹಂತಹಂತವಾಗಿ ಬಿಗಿಯುತ್ತಾರೆ. ಆಗಲೇ ಹೆಡ್ಡಿನಡಿಯ ಗ್ಯಾಸ್ಕೆಟ್ ಸಮನಾಗಿ ಕೂರುವುದು. ಕೆಲಸ ಮುಗಿದ ಮೇಲೆ ಕ್ಲಿಕ್ ರೆಂಚಿನ ಸ್ಪ್ರಿಂಗನ್ನು ಕನಿಷ್ಠ ಅಂಕಿಗೆ ಇಳಿಸಿಡಬೇಕು, ಇಲ್ಲದಿದ್ದರೆ ಅಳತೆ ತಪ್ಪಬಹುದು.