ಆಂಧ್ರದ ಹಳೇ ಎಕ್ಸೆಲ್ ಕೊಂಡರೆ ‘ಒಂದು ವರ್ಷ ಏನೂ ಮಾಡಬೇಕಿಲ್ಲ’: ನಿಜವೇ?

ಬೇರೆ ರಾಜ್ಯದ ಗಾಡಿ ಕೊಂಡರೆ ಒಂದು ವರ್ಷ ಯಾವ ಬದಲಾವಣೆಯೂ ಇಲ್ಲದೆ ಓಡಿಸಬಹುದು, ಪೊಲೀಸರು ಕೇಳುವಂತಿಲ್ಲ ಎಂಬ ಧಾಟಿಯ ಸಂದೇಶ ನಿಮ್ಮ ಗುಂಪಿಗೂ ಬಂದಿರಬಹುದು. ಗೌರಸಮುದ್ರದಂಥ ಗಡಿ ಊರಿನಲ್ಲಿ ಇದನ್ನು ನಂಬಿದರೆ ಪೆಟ್ಟು ಹೆಚ್ಚು. ರಾಯದುರ್ಗ, ಕಲ್ಯಾಣದುರ್ಗದ ಕಡೆಯಿಂದ ಹಳೇ ಟಿವಿಎಸ್ ಎಕ್ಸೆಲ್ ತಂದು ಮೇವು, ಶೇಂಗಾ ಚೀಲ, ಹಾಲಿನ ಕ್ಯಾನ್ ಹೇರುವುದು ಇಲ್ಲಿ ಹೊಸದೇನಲ್ಲ.

ಸಂದೇಶದಲ್ಲಿ ಅರ್ಧ ಸತ್ಯವಿದೆ. ಭಾರತದ ಯಾವುದೇ ರಾಜ್ಯದಲ್ಲಿ ನೋಂದಣಿಯಾದ ಗಾಡಿ ದೇಶವಿಡೀ ಓಡಬಹುದು. ಮಾರಮ್ಮನ ಜಾತ್ರೆಗೆ ಬರುವ ಆಂಧ್ರದ ಬೈಕುಗಳಿಗೆ ಇಲ್ಲಿನ ನಂಬರ್ ಬೇಕಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಉಳಿದಾಗ ಮಾತ್ರ ಹೊಸ ನಂಬರಿಗೆ ಅರ್ಜಿ ಹಾಕಬೇಕು. (2014ರಲ್ಲಿ ಕರ್ನಾಟಕ ಸರ್ಕಾರ 30 ದಿನ ದಾಟಿದರೇ ತೆರಿಗೆ ಎಂದಿತ್ತು; 2016ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ‘30 ದಿನ’ ಎನ್ನುವ ಫಾರ್ವರ್ಡ್ ಹುಟ್ಟಿದ್ದು ಅಲ್ಲಿಂದ ಇರಬೇಕು.)

ಆದರೆ ಆ ಒಂದು ವರ್ಷ ನಂಬರಿಗೆ, ಹೆಸರಿಗಲ್ಲ

ಗಾಡಿ ಕೈ ಬದಲಾಯಿತೆಂದರೆ ಅನ್ವಯವಾಗುವುದು 50ನೇ ಸೆಕ್ಷನ್. ಕೊಂಡವರು 30 ದಿನದೊಳಗೆ ತಮ್ಮ ವ್ಯಾಪ್ತಿಯ ಆರ್‌ಟಿಒಗೆ, ಅಂದರೆ ನಮ್ಮ ಕಡೆಯವರು ಚಿತ್ರದುರ್ಗಕ್ಕೆ, ತಿಳಿಸಬೇಕು. ಬೇರೆ ರಾಜ್ಯಕ್ಕೆ ಮಾರಿದವರಿಗೆ 45 ದಿನದ ಗಡುವಿದೆ. ಅವರ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ, ಬೇಕು. ಅದಕ್ಕೆ ಫಾರಂ 28. ಮಾರಾಟಕ್ಕೆ ಫಾರಂ 29 ಮತ್ತು 30, ಹೊಸ ಕೆಎ ನಂಬರಿಗೆ ಫಾರಂ 27. ಸಾಲದಲ್ಲಿ ತೆಗೆದ ಗಾಡಿಯಾದರೆ ಫೈನಾನ್ಸ್‌ನವರು ಸಹಿ ಹಾಕಿದ ಫಾರಂ 35 ಕೂಡ.

“ಅಣ್ಣಾ, ಖಾಲಿ ಫಾರಂಗೆ ಸೈನ್ ಹಾಕಿ ಕೊಟ್ಬಿಡ್ತೀನಿ, ಯಾವಾಗ ಬೇಕಾದ್ರೂ ಮಾಡಿಸ್ಕೋ” ಎನ್ನುವ ಮಾತಿಗೆ ಮರುಳಾಗಬೇಡಿ. ಎನ್‌ಒಸಿ ಇಲ್ಲದೆ ಆ ಫಾರಂ ಬರೀ ಕಾಗದ. ಆರು ತಿಂಗಳ ನಂತರ ಮಾರಿದವರು ಫೋನ್ ಎತ್ತುತ್ತಾರೆಂಬ ಖಾತ್ರಿ ಏನು?

ಅಪಘಾತವಾದರೆ

ನಿಜವಾದ ಹೊಡೆತ ಇಲ್ಲಿ. ಥರ್ಡ್ ಪಾರ್ಟಿ ವಿಮೆ ಕೊಂಡವರಿಗೆ ವರ್ಗವಾದಂತೆಯೇ ಎಂದು ಕಾಯ್ದೆ ಹೇಳುತ್ತದೆ, ಆದರೂ 14 ದಿನದೊಳಗೆ ಪಾಲಿಸಿಗೆ ನಿಮ್ಮ ಹೆಸರು ಸೇರಿಸಲು ಅರ್ಜಿ ಕೊಡಬೇಕು. ಮಾಲೀಕ-ಚಾಲಕರಿಗೆ ಇರುವ 15 ಲಕ್ಷ ರೂಪಾಯಿಯ ಅಪಘಾತ ವಿಮೆಯ ಷರತ್ತು ಬೇರೆ: ಓಡಿಸುತ್ತಿದ್ದವರ ಹೆಸರು ಆರ್‌ಸಿಯಲ್ಲೂ ಪಾಲಿಸಿಯಲ್ಲೂ ಇರಬೇಕು, ಲೈಸೆನ್ಸ್ ಇರಬೇಕು. ಗಾಡಿ ಇನ್ನೂ ರಾಯದುರ್ಗದವರ ಹೆಸರಲ್ಲೇ ಇದ್ದಾಗ ನೀವು ಬಿದ್ದು ಪ್ರಾಣ ಹೋದರೆ, ಮನೆಯವರು ಆ ಹಣ ಕೇಳುವುದು ಹೇಗೆ?

ಮಾರಿದವರೂ ಪಾರಾಗುವುದಿಲ್ಲ. ಕೈಯಿಂದ ಕೈಗೆ ದಾಟಿದ್ದ ಒಂದು ಕಾರಿನ ಅಪಘಾತದ ಪ್ರಕರಣದಲ್ಲಿ (ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್, 2018) ಪರಿಹಾರಕ್ಕೆ ಹೊಣೆ ನೋಂದಣಿಯಲ್ಲಿ ಹೆಸರಿರುವವರದ್ದೇ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆದ್ದರಿಂದ ಹೆಸರು ಬದಲಿಸುವಂತೆ ಮಾರುವವರನ್ನು ಒತ್ತಾಯಿಸಿದರೆ ಅವರಿಗೂ ಉಪಕಾರವೇ.

ಹಣ ಕೊಡುವ ಮೊದಲು

ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ: ನೋಂದಣಿ, ವಿಮೆ ಎಲ್ಲಿಯವರೆಗಿದೆ ಎಂದು ಕಾಣುತ್ತದೆ. ಬಾಕಿ ದಂಡವನ್ನು ಇ-ಚಲನ್ ತಾಣದಲ್ಲಿ ನೋಡಿ. ಚಾಸಿಸ್ ನಂಬರನ್ನು ಗಾಡಿಯ ಮೇಲೆಯೇ ಓದಿ, ಆರ್‌ಸಿಗೆ ತಾಳೆ ಹಾಕಿ. ಎಪಿ-02 ಎಂದರೆ ಅನಂತಪುರ. ಆದರೆ 2019ರಿಂದ ಇಡೀ ಆಂಧ್ರಕ್ಕೆ ಎಪಿ-39 ಎಂಬ ಒಂದೇ ಸರಣಿ ಬಂದಿದೆ, ಹಾಗಾಗಿ ಯಾವ ಆರ್‌ಟಿಒ ಎಂಬುದನ್ನು ಆರ್‌ಸಿ ನೋಡಿಯೇ ತಿಳಿಯಬೇಕು. ಹದಿನೈದು ವರ್ಷ ದಾಟಿದ್ದರೆ ನೋಂದಣಿ ನವೀಕರಣವಾಗಿದೆಯೇ ಕೇಳಿ. ಕರ್ನಾಟಕದ ಆಜೀವ ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ; ಅಗ್ಗ ಎನಿಸಿದ ಬೆಲೆ ಆಗ ಅಷ್ಟೇನೂ ಅಗ್ಗವಲ್ಲದಿರಬಹುದು.

ಇನ್ನೊಂದು ಹಳೇ ನಂಬಿಕೆ, ಎಕ್ಸೆಲ್‌ಗೆ ಲೈಸೆನ್ಸ್ ಬೇಡ ಎನ್ನುವುದು. ತಪ್ಪು. ಎಕ್ಸೆಲ್ 100ರ ಎಂಜಿನ್ 99.7 ಸಿಸಿ. ಹದಿನೆಂಟು ತುಂಬಿರಬೇಕು, ಗೇರ್ ಇಲ್ಲದ ಗಾಡಿಯ ಲೈಸೆನ್ಸ್ ಬೇಕು, ಹೊಲಕ್ಕೆ ಹೋಗುವ ರಸ್ತೆಯಲ್ಲೂ ಹೆಲ್ಮೆಟ್ ಬೇಕು.