ನಿಲ್ಲದ ಎಚ್ಚರಿಕೆ ಸದ್ದು: ಹಳೆಯ ಅಮೆರಿಕನ್ ಕಾರುಗಳ ಒಂದು ದೋಷದ ಕುರಿತು

ಮೂವತ್ತು ನಲವತ್ತು ವರ್ಷದ ಹಳೆಯ ಕಾರೊಂದು ಕಾರಣವಿಲ್ಲದೆ ‘ಟಿಂಗ್ ಟಿಂಗ್’ ಎನ್ನತೊಡಗಿ ನಿಲ್ಲದೇ ಹೋದರೆ ಅದನ್ನು ವೈರಿಂಗ್ ತೊಂದರೆಯೆಂದು ಭಾವಿಸುವುದು ವಾಡಿಕೆ. ಮೊದಲು ಫ್ಯೂಸ್ ಕೀಳುತ್ತಾರೆ. ಸದ್ದು ನಿಂತರೆ ರಿಪೇರಿ ಮುಗಿಯಿತು ಎನ್ನುತ್ತಾರೆ. 1970ರಿಂದ 1990ರ ದಶಕದವರೆಗಿನ ಅಮೆರಿಕನ್ ಕಾರುಗಳ ಮಟ್ಟಿಗಾದರೂ ಈ ಕ್ರಮ ತಲೆಕೆಳಗಾದದ್ದು ಎಂಬುದು ಈ ಟಿಪ್ಪಣಿಯ ವಾದ. ಆ ಕಾರುಗಳಲ್ಲಿ ಯಾವ ಸದ್ದು ಯಾವಾಗ ಬರಬೇಕು, ಎಷ್ಟು ಹೊತ್ತು ಇರಬಹುದು ಎಂಬುದನ್ನು ಬಹುಮಟ್ಟಿಗೆ ಗೊತ್ತುಮಾಡಿದ್ದು ಕಾನೂನು. ಹಾಗಾಗಿ ಮಲ್ಟಿಮೀಟರ್ ಕೈಗೆತ್ತಿಕೊಳ್ಳುವ ಮೊದಲೇ ಒಂದು ಸಾಕ್ಷ್ಯ ಸಿಗುತ್ತದೆ: ಸದ್ದಿನ ಅವಧಿ.

ಈ ಸದ್ದುಗಳಲ್ಲಿ ಕೀಗೆ ಸಂಬಂಧಿಸಿದ್ದು ಹಳೆಯದು. ಅಮೆರಿಕದ ಫೆಡರಲ್ ವಾಹನ ಸುರಕ್ಷತಾ ಮಾನದಂಡಗಳಲ್ಲಿ 114ನೆಯದು 1970ರ ಜನವರಿ 1ರಿಂದ ಜಾರಿಗೆ ಬಂತು. ಕೀ ಇಗ್ನಿಷನ್‌ನಲ್ಲೇ ಉಳಿದಿರುವಾಗ ಚಾಲಕನ ಬಾಗಿಲು ತೆರೆದರೆ ಕಾರು ಎಚ್ಚರಿಸಬೇಕು ಎಂದು ಅದು ವಿಧಿಸಿತು. ಇದರ ಗುರಿ ಕಳ್ಳತನ ತಡೆಯುವುದು. ಕದ್ದ ಕಾರುಗಳು ಅಪಘಾತಕ್ಕೆ ಸಿಲುಕುವುದು ಹೆಚ್ಚು ಎಂಬ ನೆಲೆಯಲ್ಲಿ ಕಳ್ಳತನವೂ ರಸ್ತೆ ಸುರಕ್ಷತೆಯ ಬಾಬತ್ತಾಯಿತು. ಕೀ ತೆಗೆಯುವವರೆಗೆ, ಇಲ್ಲವೇ ಬಾಗಿಲು ಮುಚ್ಚುವವರೆಗೆ ಸದ್ದು ಮಾಡುತ್ತಲೇ ಇರುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ.

ಸೀಟ್ ಬೆಲ್ಟಿನ ಕಥೆ ಹೆಚ್ಚು ತಿರುವುಗಳದ್ದು. ಬೆಲ್ಟ್ ಹಾಕದಿದ್ದರೆ ಕನಿಷ್ಠ ಒಂದು ನಿಮಿಷ ಬಜರ್ ಮೊಳಗಬೇಕು, ದೀಪ ಉರಿಯಬೇಕು ಎಂಬ ನಿಯಮ 1972ರ ಜನವರಿಯಿಂದ ಬಂತು. ಜನ ಬೆಲ್ಟನ್ನು ಸೀಟಿನ ಹಿಂದೆ ಬಿಗಿದಿಟ್ಟು ಅದರ ಮೇಲೇ ಕುಳಿತರು. 1974ರ ಮಾಡೆಲ್‌ಗಳಿಗೆ ಇದಕ್ಕೆ ಪ್ರತ್ಯುತ್ತರವೆಂಬಂತೆ ಇಂಟರ್‌ಲಾಕ್ ಬಂತು: ಮುಂದಿನ ಸೀಟಿನಲ್ಲಿ ಕುಳಿತವರು ಬೆಲ್ಟ್ ಹಾಕದಿದ್ದರೆ ಎಂಜಿನ್ ಸ್ಟಾರ್ಟೇ ಆಗದು. ಮೊದಲು ಕುಳಿತುಕೊಳ್ಳಬೇಕು, ಆಮೇಲೆ ಬೆಲ್ಟ್, ಆಮೇಲೆ ಕೀ. ಈ ಅನುಕ್ರಮವನ್ನು ಕಾರು ಲೆಕ್ಕವಿಡುತ್ತಿದ್ದುದರಿಂದ ಸೀಟಿನ ಹಿಂದೆ ಬಿಗಿದಿಟ್ಟ ಬೆಲ್ಟಿನ ಉಪಾಯ ನಡೆಯಲಿಲ್ಲ. ಆದರೆ ಸೀಟಿನ ಕೆಳಗಿನ ಸ್ವಿಚ್ಚಿಗೆ ಮನುಷ್ಯ ಯಾರು, ದಿನಸಿಯ ಚೀಲ ಯಾವುದು ಎಂಬ ಭೇದ ತಿಳಿಯುತ್ತಿರಲಿಲ್ಲ. ಪಕ್ಕದ ಸೀಟಿನಲ್ಲಿ ಚೀಲವಿಟ್ಟರೆ ಚೀಲಕ್ಕೂ ಬೆಲ್ಟ್ ಹಾಕಬೇಕಾಗುತ್ತಿತ್ತು. ಸಿಟ್ಟಿಗೆದ್ದ ಮತದಾರರಿಗೆ ಮಣಿದ ಅಮೆರಿಕದ ಸಂಸತ್ತು, ಅಂದರೆ ಕಾಂಗ್ರೆಸ್, ತಿದ್ದುಪಡಿ ತಂದಿತು. ಅಧ್ಯಕ್ಷ ಫೋರ್ಡ್ 1974ರ ಅಕ್ಟೋಬರ್ 27ರಂದು ಸಹಿ ಹಾಕಿದರು. ಇಂಟರ್‌ಲಾಕನ್ನು ಕಡ್ಡಾಯ ಮಾಡುವಂತಿಲ್ಲ. ಕಡ್ಡಾಯ ಬಜರ್ ಇಗ್ನಿಷನ್ ಹಾಕಿದ ಮೊದಲ 8 ಸೆಕೆಂಡು ದಾಟುವಂತಿಲ್ಲ ಎಂದಾಯಿತು. ಮುಂದಿನ ನಿಯಮದಲ್ಲಿ ಬೆಲ್ಟಿನ ಸದ್ದಿಗೆ 4ರಿಂದ 8 ಸೆಕೆಂಡುಗಳ ಅವಧಿ ಗೊತ್ತಾಯಿತು.

ದೋಷ ಹುಡುಕುವವರಿಗೆ ಈ ಎಂಟು ಸೆಕೆಂಡು ಬೆಲೆಯುಳ್ಳದ್ದು. 1975ರಿಂದ ಮುಂದಿನ ಅಮೆರಿಕನ್ ಕಾರಿನಲ್ಲಿ ಸದ್ದು ಅರ್ಧ ನಿಮಿಷವಾದರೂ ನಿಲ್ಲದಿದ್ದರೆ ಬೆಲ್ಟಿನ ಬಕಲ್ ಬಿಚ್ಚಿ ಕೂರುವುದು ಬಹುತೇಕ ವ್ಯರ್ಥ. ಬಕಲ್ ಸ್ವಿಚ್ ಕೆಟ್ಟಿದ್ದರೂ ಟೈಮರ್ ಸದ್ದನ್ನು ಎಂಟು ಸೆಕೆಂಡಿನೊಳಗೆ ಬಾಯಿಮುಚ್ಚಿಸಬೇಕು. ಈ ತೀರ್ಮಾನಕ್ಕೆ ಎರಡು ಎಲ್ಲೆಗಳಿವೆ. ಹಿಂದೆ 1975ಕ್ಕಿಂತ ಮೊದಲಿನ ಕಾರುಗಳು. ಮುಂದೆ 2000ದ ಮಾಡೆಲ್‌ನಿಂದ ಫೋರ್ಡ್ ಕಂಪನಿ ತಾನಾಗಿ ಅಳವಡಿಸಿದ ‘ಬೆಲ್ಟ್‌ಮೈಂಡರ್’. ಅದು ಕಾನೂನಿನ ಸದ್ದು ಮುಗಿದ ಮೇಲೆ ಬಿಟ್ಟುಬಿಟ್ಟು ಕೆಲವು ನಿಮಿಷ ನೆನಪಿಸುತ್ತದೆ. ಎಂಟು ಸೆಕೆಂಡಿನ ಮಿತಿಯನ್ನೇ ಕಾಂಗ್ರೆಸ್ 2012ರಲ್ಲಿ ತೆಗೆದುಹಾಕಿತು. ಆ ಎರಡು ಎಲ್ಲೆಗಳ ನಡುವಿನ ಕಾಲು ಶತಮಾನದ ಕಾರಿನಲ್ಲಿ ನಿಲ್ಲದ ಸದ್ದು ಎಂದರೆ ಮೊದಲ ಸಂಶಯ ಕೀ ಮತ್ತು ಬಾಗಿಲಿನ ಜೋಡಿಯ ಮೇಲೆ.

ಆ ಜೋಡಿಯ ಸರ್ಕ್ಯೂಟ್ ಸರಳ. ಜನರಲ್ ಮೋಟರ್ಸ್‌ನ ಹಳೆಯ ಕಾರುಗಳನ್ನೇ ತೆಗೆದುಕೊಂಡರೆ, ಬ್ಯಾಟರಿಯಿಂದ ಬಜರಿಗೆ, ಬಜರಿನಿಂದ ಸ್ಟೀರಿಂಗ್ ಕಾಲಮ್ಮಿನ ಒಳಗಿನ ಕೀ ಸ್ವಿಚ್ಚಿಗೆ, ಅಲ್ಲಿಂದ ಚಾಲಕನ ಬಾಗಿಲಿನ ಸ್ವಿಚ್ಚಿಗೆ, ಅದರ ಮೂಲಕ ಬಾಡಿಗೆ, ಅಂದರೆ ಅರ್ಥ್‌ಗೆ. ಎರಡೂ ಸ್ವಿಚ್ ಒಂದರ ಹಿಂದೊಂದು ಇರುವುದರಿಂದ ಎರಡೂ ಕೂಡಿದಾಗ ಮಾತ್ರ ಸದ್ದು. ಇಲ್ಲಿಂದ ತರ್ಕ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕೀ ಕೈಯಲ್ಲಿದ್ದು, ಬಾಗಿಲು ತೆರೆದಾಗ ಮಾತ್ರ ಸದ್ದು ಬಂದರೆ ಕೀ ಸ್ವಿಚ್ ಅಂಟಿಕೊಂಡಿದೆ. ಬಾಗಿಲು ಭದ್ರವಾಗಿ ಮುಚ್ಚಿ ಗಾಡಿ ಓಡಿಸುವಾಗಲೂ ಸದ್ದು ಬಂದರೆ ತಪ್ಪು ಬಾಗಿಲಿನ ಕಡೆಯದು. ಕೀ ಇಲ್ಲದೆ, ಬಾಗಿಲು ಮುಚ್ಚಿಯೂ ಸದ್ದು ಬರುತ್ತಿದ್ದರೆ ಎರಡೂ ಸ್ವಿಚ್ ಒಟ್ಟಿಗೆ ಕೆಟ್ಟಿವೆ ಎಂದು ಊಹಿಸುವುದಕ್ಕಿಂತ ಬಜರಿಗೂ ಕೀ ಸ್ವಿಚ್ಚಿಗೂ ನಡುವಿನ ವೈರ್ ಎಲ್ಲೋ ಸವೆದು ಬಾಡಿಗೆ ತಾಗಿದೆ ಎಂದು ಊಹಿಸುವುದು ಹೆಚ್ಚು ಸಮಂಜಸ.

ಇಂಥ ಸರ್ಕ್ಯೂಟಿನಲ್ಲಿ ತುಂಡಾದ ವೈರ್ ಸದ್ದು ಎಬ್ಬಿಸಲಾರದು, ಅಡಗಿಸಬಲ್ಲದು ಅಷ್ಟೆ. ಕಾಂಟ್ಯಾಕ್ಟಿಗೆ ತುಕ್ಕು ಹಿಡಿದು ಕೂಡದೇ ಹೋದ ಬಾಗಿಲ ಸ್ವಿಚ್ಚೂ ಹಾಗೆಯೇ. ನಿಲ್ಲದ ಸದ್ದಿನ ಬೇಟೆಯಲ್ಲಿ ಕಡಿದ ವೈರ್ ಹುಡುಕುತ್ತ ಕೂರುವವರು ಬೇರೊಂದು ರೋಗಕ್ಕೆ ಔಷಧ ಹುಡುಕುತ್ತಿರುತ್ತಾರೆ.

ಕೀ ಸ್ವಿಚ್ ಎಂದರೆ ಲಾಕ್ ಸಿಲಿಂಡರಿನ ಪಕ್ಕ ಕುಳಿತ ಎರಡು ತೆಳು ಲೋಹದ ಪಟ್ಟಿಗಳು. ಕೀ ಒಳಗೆ ಹೋದಾಗ ಸಿಲಿಂಡರಿನ ಒಂದು ಪುಟ್ಟ ಮೊಳೆ ಹೊರಚಾಚಿ ಅವನ್ನು ಕೂಡಿಸುತ್ತದೆ. ಕೀ ತೆಗೆದ ಮೇಲೂ ಮೊಳೆ ಒಳಸರಿಯದಿದ್ದರೆ, ಇಲ್ಲವೇ ಪಟ್ಟಿ ಬಾಗಿದ್ದರೆ, ಕಾರಿನ ಲೆಕ್ಕದಲ್ಲಿ ಕೀ ಸದಾ ಅಲ್ಲೇ ಇದೆ.

ಬಾಗಿಲಿನ ಕಡೆ ನೋಡುವಾಗ ಒಳಗಿನ ದೀಪವನ್ನು ಸಾಕ್ಷಿಯಾಗಿ ಕರೆಯುವುದುಂಟು. ಬಾಗಿಲು ಮುಚ್ಚಿದ ಮೇಲೂ ದೀಪ ಉರಿಯುತ್ತಿದ್ದರೆ ಸ್ವಿಚ್ ಒತ್ತಿಕೊಂಡಿಲ್ಲ ಎಂದರ್ಥ, ಅಲ್ಲಿಯವರೆಗೆ ಸರಿ. ದೀಪ ಆರಿದೆ, ಆದ್ದರಿಂದ ಬಾಗಿಲಿನ ಸ್ವಿಚ್ ನಿರ್ದೋಷಿ ಎಂಬ ಮುಂದಿನ ಹೆಜ್ಜೆಯನ್ನು ನಾನು ಒಪ್ಪುವುದಿಲ್ಲ. ಪಕ್ಕದವರ ಬಾಗಿಲು ತೆರೆದರೆ ದೀಪ ಹತ್ತುತ್ತದೆ, ಆದರೆ ಕೀ ಸದ್ದು ಬರುವುದಿಲ್ಲ. ದೀಪಕ್ಕೂ ಸದ್ದಿಗೂ ಒಂದೇ ಕಾಂಟ್ಯಾಕ್ಟ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಅಂದಮೇಲೆ ಚಾಲಕನ ಕಡೆಯ ಸ್ವಿಚ್ಚಿನಲ್ಲಿ ಸದ್ದಿಗೆಂದೇ ಬೇರೆ ಕಾಂಟ್ಯಾಕ್ಟ್ ಇರಬೇಕು, ಇದೆ ಕೂಡ. ಒಂದು ಸರಿಯಿದ್ದು ಇನ್ನೊಂದು ಅಂಟಿಕೊಂಡಿರಬಹುದು. ಸ್ವಿಚ್ಚಿನಿಂದ ವೈರಿನ ಕನೆಕ್ಟರ್ ಕಳಚಿ ನೋಡುವುದೇ ನೇರವಾದ ಪರೀಕ್ಷೆ. ಸದ್ದು ನಿಂತರೆ ಸ್ವಿಚ್, ನಿಲ್ಲದಿದ್ದರೆ ವೈರ್.

ಸ್ವಿಚ್ ಹೊಸದಾದರೂ ಸದ್ದು ಮರಳುವುದುಂಟು. ಆಗ ಬಾಗಿಲನ್ನೇ ಎತ್ತಿ ನೋಡಬೇಕು. ಎರಡು ಬಾಗಿಲಿನ ಆ ಕಾಲದ ಅಮೆರಿಕನ್ ಕಾರುಗಳ ಬಾಗಿಲು ಉದ್ದ, ತೂಕ ಹೆಚ್ಚು. ಹಿಂಜಿನ ಪಿನ್ನು, ಬುಶ್ ಸವೆದಂತೆ ಬಾಗಿಲು ಕೆಳಗೆ ಜೋತು, ಪಿಲ್ಲರಿನ ಮೇಲಿನ ಗುಂಡಿಯನ್ನು ಪೂರ್ತಿ ಒತ್ತದೆ ಹೋಗುತ್ತದೆ. ವಿದ್ಯುತ್ತಿನ ದೋಷವೆಂದು ಬಂದದ್ದು ಇಲ್ಲಿ ಕಮ್ಮಾರಿಕೆಯ ಕೆಲಸವಾಗುತ್ತದೆ. 1990ರ ದಶಕದ ಎಷ್ಟೋ ಫೋರ್ಡ್ ಗಾಡಿಗಳಲ್ಲಿ ಸ್ವಿಚ್ ಬಾಗಿಲ ಲಾಚಿನ ಒಳಗೇ ಸೇರಿಕೊಂಡಿತು. ಅಲ್ಲಿ ಒಣಗಿದ ಗ್ರೀಸೂ ಧೂಳೂ ಕಾರಣ. ಲಾಚಿನೊಳಗೆ ಸ್ಪ್ರೇ ಎಣ್ಣೆ ಹೊಡೆದು ಬಾಗಿಲನ್ನು ಹತ್ತಾರು ಸಲ ತೆಗೆದು ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ. ಬಾಗಿಲನ್ನು ಅಲುಗಾಡಿಸಿದಂತೆ ಸದ್ದು ಬಂದು ಹೋಗುತ್ತಿದ್ದರೆ ಹಿಂಜಿನ ಬಳಿಯ ರಬ್ಬರ್ ಕೊಳವೆಯಲ್ಲಿ ಮಡಚಿ ಮಡಚಿ ಸವೆದ ವೈರನ್ನು ನೋಡಬೇಕು.

ಹೆಡ್‌ಲೈಟ್ ಆರಿಸದೆ ಇಳಿದಾಗಿನ ಸದ್ದೂ ಇದೇ ಬಾಗಿಲ ಸ್ವಿಚ್ಚನ್ನು ಆಶ್ರಯಿಸುವುದರಿಂದ ಅದಕ್ಕೆ ಪ್ರತ್ಯೇಕ ಚರ್ಚೆ ಬೇಡ.

ಅಮೆರಿಕದಿಂದಾಚೆ ಕಾನೂನಿನ ತಾರೀಖು ಬದಲಾಗುತ್ತದೆ, ವಿಧಾನ ಬದಲಾಗುವುದಿಲ್ಲ. ಜಪಾನಿನಲ್ಲಿ 1986ರವರೆಗೆ ಸಾಮಾನ್ಯ ಕಾರುಗಳು ಗಂಟೆಗೆ ಸುಮಾರು 105 ಕಿ.ಮೀ. ಮೀರಿದರೆ ‘ಕಿನ್ ಕೋನ್’ ಎಂದು ಬಾರಿಸುತ್ತಲೇ ಇರಬೇಕಿತ್ತು. ಅಂಥ ಕಾರನ್ನು ಬೇರೆ ದೇಶದಲ್ಲಿ ಕೊಂಡವರಿಗೆ ಅದು ದೋಷವೆಂದು ತೋರಿದರೆ ಆಶ್ಚರ್ಯವಿಲ್ಲ. ನಮ್ಮಲ್ಲಿ 2019ರ ಜುಲೈ 1ರಿಂದ ತಯಾರಾದ ಕಾರುಗಳಿಗೆ ಬೆಲ್ಟಿನ ಎಚ್ಚರಿಕೆ ಕಡ್ಡಾಯ, ಜೊತೆಗೆ ವೇಗದ ಎಚ್ಚರಿಕೆಯೂ: ಗಂಟೆಗೆ 80 ಕಿ.ಮೀ. ಮೀರಿದರೆ ಬಿಟ್ಟುಬಿಟ್ಟು, 120 ಮೀರಿದರೆ ನಿರಂತರ ಸದ್ದು. ಬೆಲ್ಟಿನ ಸದ್ದನ್ನು ಅಡಗಿಸಲು ಬಕಲ್ಲಿಗೆ ಸಿಕ್ಕಿಸುವ ಕ್ಲಿಪ್ಪುಗಳು ಆನ್‌ಲೈನ್ ಅಂಗಡಿಗಳಲ್ಲಿ ಎಷ್ಟು ಹಬ್ಬಿದ್ದವೆಂದರೆ, 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಕ್ರಮದ ಬಳಿಕ ಅಂಥ 13,118 ಮಾರಾಟದ ನಮೂದುಗಳನ್ನು ತೆಗೆಯಬೇಕಾಯಿತು. ಕೈಬದಲಾದ ಭಾರತೀಯ ಕಾರನ್ನು ಪರೀಕ್ಷಿಸುವವರು ಬಕಲ್ಲಿನಲ್ಲಿ ಇಂಥ ಕ್ಲಿಪ್ ಉಳಿದಿದೆಯೇ ಎಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಇದ್ದರೆ ಅದನ್ನು ಕಿತ್ತು, ಬೆಲ್ಟ್ ಹಾಕಿಯೂ ಬಿಚ್ಚಿಯೂ ಸದ್ದನ್ನು ಇನ್ನೊಮ್ಮೆ ಕೇಳಬೇಕು. ಅದಕ್ಕೆ ಮುಂಚೆ ಬರೆದುಕೊಂಡ ಯಾವ ಲಕ್ಷಣವನ್ನೂ ಲೆಕ್ಕಕ್ಕೆ ಹಿಡಿಯುವಂತಿಲ್ಲ.